ಬಂಡೆ ಉರುಳಿಸಿ ಮುಚ್ಚಿದ ಘಾಟಿ: ಗಡಿಯಿಲ್ಲದ ಯುರೋಪಿನಲ್ಲಿ ಗಡಿ ಮರಳಿದ್ದು ಹೇಗೆ?

ಒಂದು ಷೆಂಗೆನ್ ವೀಸಾ ಇದ್ದರೆ 29 ದೇಶ ಸುತ್ತಬಹುದು, ನಡುವೆ ಯಾರೂ ಅಡ್ಡಗಟ್ಟುವುದಿಲ್ಲ ಎಂಬ ಮಾತನ್ನು ಯುರೋಪಿಗೆ ಹೋಗಿಬಂದವರ ಬಾಯಲ್ಲಿ ಕೇಳಿದ್ದೇವೆ. ಸುದ್ದಿಗಳು ಬೇರೆಯೇ ಹೇಳುತ್ತಿವೆ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿತು. ಅದೇ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್, 2025ರ ಜುಲೈನಲ್ಲಿ ಪೋಲೆಂಡ್ ಅದೇ ದಾರಿ ಹಿಡಿದವು. ಫ್ರಾನ್ಸ್ ಅಂತೂ 2015ರ ನವೆಂಬರ್‌ನಲ್ಲಿ ಶುರು ಮಾಡಿದ್ದನ್ನು ನಿಲ್ಲಿಸಿಯೇ ಇಲ್ಲ. ಹಾಗಾದರೆ ಗಡಿ ಇದೆಯೋ, ಇಲ್ಲವೋ?

ಇದಕ್ಕೆ ಉತ್ತರವನ್ನು ಯುರೋಪ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನ ಕಡತಗಳಲ್ಲಿ ಹುಡುಕಬಹುದು. ಅದಕ್ಕಿಂತ ಸುಲಭವಾಗಿ, ಫ್ರಾನ್ಸ್-ಸ್ಪೇನ್ ಗಡಿಯಲ್ಲಿ, ಮೆಡಿಟರೇನಿಯನ್ ದಂಡೆಗೆ ಹತ್ತಿರದ ಒಂದು ಸಣ್ಣ ಘಾಟಿಯಲ್ಲಿ ಕಾಣಬಹುದು. ಬಾನ್ಯುಲ್ಸ್ ಘಾಟಿ ಎಂದು ಅದರ ಹೆಸರು. ಎತ್ತರ ಸುಮಾರು 360 ಮೀಟರ್. 2021ರ ಜನವರಿಯಿಂದ 2024ರವರೆಗೆ ಈ ದಾರಿಯಲ್ಲಿ ಒಂದು ಕಾರೂ ದಾಟುವಂತಿರಲಿಲ್ಲ. ಫ್ರಾನ್ಸ್ ಆಡಳಿತ ರಸ್ತೆಗೆ ಅಡ್ಡಲಾಗಿ ದೊಡ್ಡ ಬಂಡೆಗಳನ್ನು ಇಟ್ಟಿತ್ತು.

ಪರ್ವತ ಕಡಲಿಗೆ ಇಳಿಯುವ ಜಾಗ

ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಗೋಡೆಯಂತೆ ನಿಂತಿರುವ ಪಿರಿನೀಸ್ ಪರ್ವತಸಾಲಿನ ಅತಿ ಎತ್ತರದ ಶಿಖರ 3,404 ಮೀಟರ್. ಪೂರ್ವಕ್ಕೆ ಬಂದಂತೆ ಸಾಲು ತಗ್ಗುತ್ತದೆ. ಕೊನೆಯ ತುಂಡಾದ ಆಲ್ಬೆರಾ ಬೆಟ್ಟಗಳ ತುದಿ 1,256 ಮೀಟರ್ ಮಾತ್ರ. ಅಲ್ಲಿಂದ ಬೆಟ್ಟ ನೇರ ಸಮುದ್ರಕ್ಕೆ ಬೀಳುತ್ತದೆ. ಫ್ರಾನ್ಸ್ ಕಡೆಯ ದಂಡೆಗೆ ಕೆಂಪು ಕರಾವಳಿ ಎಂಬ ಅರ್ಥದ ಹೆಸರು, ಸ್ಪೇನ್ ಕಡೆಯದಕ್ಕೆ ಒರಟು ಕರಾವಳಿ ಎಂಬ ಅರ್ಥದ ‘ಕೋಸ್ಟಾ ಬ್ರಾವಾ’. ಎರಡೂ ಕಡೆ ಹಾಳೆಹಾಳೆಯಾಗಿ ಸೀಳುವ ಕಪ್ಪು ಕಲ್ಲು, ಕಡಿದಾದ ಇಳಿಜಾರು, ಅದರ ಮೇಲೆ ಮೆಟ್ಟಿಲುಮೆಟ್ಟಿಲಾಗಿ ದ್ರಾಕ್ಷಿತೋಟ. ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ತಡೆಗೋಡೆಗಳ ನಡುವೆ ಮಳೆನೀರು ಹರಿದುಹೋಗಲು ತೋಡಿದ ಕಾಲುವೆಗಳು ಕೋಳಿಯ ಪಾದದ ಆಕಾರದಲ್ಲಿವೆ. ನಡುವೆ ಒಂದು, ಎಡಬಲಕ್ಕೆ ಓರೆಯಾಗಿ ಒಂದೊಂದು. ಬಾನ್ಯುಲ್ಸ್‌ನ ಹೆಸರುವಾಸಿ ಸಿಹಿ ವೈನ್ ಹುಟ್ಟುವುದು ಈ ಮೆಟ್ಟಿಲುಗಳಲ್ಲೇ.

ಬೆಟ್ಟ ತಗ್ಗಿದ ಕಡೆಯೆಲ್ಲ ಜನ ದಾಟುತ್ತಾರೆ. ಈ ಭಾಗದಲ್ಲಿ ದಾಟುವ ದಾರಿಗಳು ಮುಖ್ಯವಾಗಿ ಮೂರು. ಪಶ್ಚಿಮಕ್ಕೆ ಪೆರ್ತೂಸ್. ರೋಮನ್ನರ ಕಾಲದ ಹೆದ್ದಾರಿ ಅದರ ಪಕ್ಕದಲ್ಲೇ ಹಾದಿತ್ತು, ಇಂದಿನ ಎಕ್ಸ್‌ಪ್ರೆಸ್ ಹೆದ್ದಾರಿಯೂ ಅಲ್ಲೇ ಹಾಯುತ್ತದೆ. ಪೂರ್ವಕ್ಕೆ, ಸಮುದ್ರಕ್ಕೆ ತಾಗಿದಂತೆ, ಸೆರ್ಬೇರ್ ಮತ್ತು ಪೋರ್ಟ್‌ಬೊ ಊರುಗಳ ನಡುವಿನ ಅಂಕುಡೊಂಕು ರಸ್ತೆ ಹಾಗೂ ರೈಲು ಸುರಂಗ. ಇವೆರಡರ ನಡುವೆ, ಲಾರಿಗಳಿಗೆ ಬೇಡವಾದ, ಪ್ರವಾಸಿ ನಕ್ಷೆಗಳಲ್ಲಿ ಎದ್ದು ಕಾಣದ ಕಿರುದಾರಿ ಬಾನ್ಯುಲ್ಸ್ ಘಾಟಿ. ಫ್ರಾನ್ಸ್‌ನ ಬಾನ್ಯುಲ್ಸ್ ಊರನ್ನು ಸ್ಪೇನ್‌ನ ಎಸ್ಪೊಲ್ಯಾ ಎಂಬ ಹಳ್ಳಿಗೆ ಅದು ಜೋಡಿಸುತ್ತದೆ. ಎರಡೂ ಕಡೆ ಹಳಬರ ಮಾತು ಕ್ಯಾಟಲಾನ್. ಕೆಲಸಕ್ಕೆ, ಮದುವೆಗೆ, ಸಂತೆಗೆ ಹೋಗಿಬರುವ ಸಂಬಂಧ ಹಿಂದಿನಿಂದಲೂ ಇದೆ.

ಗೆರೆ ಎಳೆದದ್ದು ಯಾರು?

ಈ ಬೆಟ್ಟದ ಮೇಲೆ ಗಡಿ ಬಂದದ್ದೇ 1659ರಲ್ಲಿ. ಫ್ರಾನ್ಸ್ ಮತ್ತು ಸ್ಪೇನ್ ದೊರೆಗಳು ಮಾಡಿಕೊಂಡ ಪಿರಿನೀಸ್ ಒಪ್ಪಂದದಲ್ಲಿ ಉತ್ತರದ ರೂಸಿಯೋಂ ಸೀಮೆ ಫ್ರಾನ್ಸ್ ಪಾಲಾಯಿತು. ಒಂದೇ ನುಡಿ ಆಡುತ್ತಿದ್ದ ಊರುಗಳು ಎರಡು ರಾಜ್ಯಗಳಿಗೆ ಹಂಚಿಹೋದವು. ನೆಲದ ಮೇಲೆ ಗಡಿಯನ್ನು ಖಚಿತವಾಗಿ ಗುರುತಿಸಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಅಟ್ಲಾಂಟಿಕ್ ಕಡೆಯಿಂದ ಆರಂಭಿಸಿ ಅಂಕಿ ಹಾಕುತ್ತ ಬಂದ ಗಡಿಗುರುತುಗಳ ಕೊನೆಯ ಅಂಕಿ 602. ಅದು ಇರುವುದು ಇದೇ ಕರಾವಳಿಯ ಒಂದು ಕಡಲಗುಹೆಯ ಬಳಿ.

ಆದರೆ ಇಲ್ಲಿಯವರ ನೆನಪಿನಲ್ಲಿ ಉಳಿದಿರುವುದು ದೊರೆಗಳ ಒಪ್ಪಂದವಲ್ಲ, 1939. ಸ್ಪೇನ್‌ನ ಅಂತರ್ಯುದ್ಧ ಮುಗಿಯುತ್ತ ಬಂದಿತ್ತು. ಆ ಜನವರಿ 26ರಂದು ಬಾರ್ಸಿಲೋನಾ, ಗಣರಾಜ್ಯದ ವಿರುದ್ಧ ಬಂಡೆದ್ದ ಸೇನಾನಿ ಫ್ರಾಂಕೋನ ಸೇನೆಯ ವಶವಾಯಿತು. ಗಣರಾಜ್ಯದ ಪರವಿದ್ದ ಜನ ಉತ್ತರಕ್ಕೆ ಓಡಿದರು. ಗಡಿ ತೆರೆಯಲು ಮೊದಲು ಹಿಂಜರಿದ ಫ್ರಾನ್ಸ್, ಜನವರಿ 28ರಂದು ನಾಗರಿಕರನ್ನು, ಫೆಬ್ರವರಿ 5ರಿಂದ ಸೈನಿಕರನ್ನು ಒಳಬಿಟ್ಟಿತು. ಎರಡೇ ವಾರಗಳಲ್ಲಿ ಸುಮಾರು ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಜನ ಈ ಘಾಟಿಗಳನ್ನು ದಾಟಿದರು. ಅವರಲ್ಲಿ ಬಹಳಷ್ಟು ಮಂದಿಯನ್ನು ಫ್ರಾನ್ಸ್ ಕಡೆಯ ಕರಾವಳಿ ಊರು ಆರ್ಜೆಲೆಸ್‌ನ ಬರಿಯ ಮರಳದಂಡೆಯಲ್ಲಿ, ಮುಳ್ಳುತಂತಿಯ ಒಳಗೆ, ಚಳಿಗಾಲದಲ್ಲಿ ಇರಿಸಲಾಯಿತು.

ಮರುವರ್ಷ ಓಟದ ದಿಕ್ಕು ತಿರುಗಿತು. ಫ್ರಾನ್ಸ್ ಹಿಟ್ಲರನಿಗೆ ಸೋತಿತ್ತು. ಯಹೂದಿಗಳು, ನಾಜಿ ವಿರೋಧಿಗಳು ಇದೇ ಬೆಟ್ಟಗಳನ್ನು ದಕ್ಷಿಣಕ್ಕೆ ದಾಟತೊಡಗಿದರು. ಬಾನ್ಯುಲ್ಸ್‌ನ ಮೇಯರ್ ಆಗಿದ್ದ ವಿನ್ಸೆಂಟ್ ಅಜೆಮಾ, ಲಿಸಾ ಫಿಟ್ಕೊ ಎಂಬ ಜರ್ಮನ್ ನಿರಾಶ್ರಿತೆಗೆ ಕಡಲಿಗೆ ಇನ್ನೂ ಹತ್ತಿರದ ಒಂದು ಕಾಲುದಾರಿಯನ್ನು ತೋರಿಸಿಕೊಟ್ಟರು. ಆಕೆ ಮೊದಲು ಆ ದಾರಿಯಲ್ಲಿ ಕರೆದೊಯ್ದವರ ಪೈಕಿ ಚಿಂತಕ ವಾಲ್ಟರ್ ಬೆಂಜಮಿನ್ ಒಬ್ಬರು. ಬೆಟ್ಟವನ್ನೇನೋ ಅವರು ದಾಟಿದರು. ಫ್ರಾನ್ಸ್‌ನಿಂದ ಹೊರಡಲು ಅನುಮತಿಚೀಟಿ ಇರಲಿಲ್ಲವೆಂದು ಪೋರ್ಟ್‌ಬೊದಲ್ಲಿ ಸ್ಪೇನ್ ಪೊಲೀಸರು ತಡೆದರು. 1940ರ ಸೆಪ್ಟೆಂಬರ್ 26ರಂದು ಅವರು ಅಲ್ಲೇ ತೀರಿಕೊಂಡರು.

ಇಂಥ ನೆನಪಿರುವ ನೆಲದಲ್ಲಿ ಸರ್ಕಾರ ತಂದಿಟ್ಟ ಬಂಡೆಯನ್ನು ಜನ ಬರೀ ಸಂಚಾರ ನಿಯಮವಾಗಿ ನೋಡಲಾರರು.

2021ರಲ್ಲಿ ಮುಚ್ಚಿದ್ದೇಕೆ?

ಕಾರಣದ ಸರಪಣಿ 2020ರ ಅಕ್ಟೋಬರ್ 29ರಂದು ಫ್ರಾನ್ಸ್‌ನ ನೀಸ್ ನಗರದಲ್ಲಿ ಶುರುವಾಗುತ್ತದೆ. ಅಲ್ಲಿನ ಚರ್ಚ್‌ನಲ್ಲಿ ನಡೆದ ಚಾಕು ದಾಳಿಯಲ್ಲಿ ಮೂವರು ಸತ್ತರು. ಒಂದು ವಾರದ ಬಳಿಕ, ನವೆಂಬರ್ 5ರಂದು, ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರೋನ್ ಪೆರ್ತೂಸ್‌ಗೆ ಬಂದು ಗಡಿ ಕಾಯುವವರ ಸಂಖ್ಯೆಯನ್ನು 2,400ರಿಂದ 4,800ಕ್ಕೆ ಏರಿಸುವುದಾಗಿ ಘೋಷಿಸಿದರು. ಜನವರಿಯಲ್ಲಿ ಪಿರಿನೀಸ್‌ನ ಹಲವು ಸಣ್ಣ ದಾರಿಗಳು ಮುಚ್ಚಿದವು. ಬಾನ್ಯುಲ್ಸ್ ಅವುಗಳಲ್ಲಿ ಒಂದು. ಕೊಟ್ಟ ಕಾರಣ: ಭಯೋತ್ಪಾದನೆ, ಅಕ್ರಮ ವಲಸೆ, ಕಳ್ಳಸಾಗಣೆ.

ಇಲ್ಲಿ ಒಂದು ಅಡ್ಡಪ್ರಶ್ನೆ ಕೇಳದೆ ಮುಂದೆ ಹೋಗಲಾಗದು. ನೀಸ್ ದಾಳಿಕೋರ ಟುನೀಶಿಯಾದಿಂದ ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಬಂದು, ಅಲ್ಲಿಂದ ಫ್ರಾನ್ಸ್ ಸೇರಿದವನು. ಅವನು ಸ್ಪೇನ್ ಕಡೆಯ ಬೆಟ್ಟ ಹತ್ತಿರಲಿಲ್ಲ. ಬೆಂಕಿ ಒಂದು ಮನೆಗೆ ಬಿದ್ದರೆ ಇನ್ನೊಂದು ಮನೆಯ ಬಾಗಿಲು ಹಾಕಿದಂತಾಯಿತು.

ಸರ್ಕಾರದ ಲೆಕ್ಕಾಚಾರ

ಇಷ್ಟಾದರೂ ಫ್ರಾನ್ಸ್‌ನ ಕ್ರಮವನ್ನು ಮೂರ್ಖತನ ಎಂದು ತಳ್ಳಿಹಾಕಿದರೆ ವಿಷಯ ಅರ್ಥವಾಗುವುದಿಲ್ಲ. ಅದರ ಹಿಂದೆ ಒಂದು ಪೊಲೀಸ್ ಗಣಿತ ಇದೆ.

ಮೊದಲ ಅಂಶ ಜನಬಲ. ಪೆರ್ತೂಸ್‌ನಂಥ ದೊಡ್ಡ ದಾರಿಯಲ್ಲಿ ಹಗಲಿರುಳು ಸಿಬ್ಬಂದಿ ಹೇಗೂ ಇರಬೇಕು. ದಿನಕ್ಕೆ ಬೆರಳೆಣಿಕೆಯ ಕಾರುಗಳು ಹೋಗುವ ಕಿರುದಾರಿಗೂ ಅಷ್ಟೇ ಪಾಳಿಗಳಲ್ಲಿ ಜನರನ್ನು ಹಾಕಬೇಕಾಗುತ್ತದೆ. ಬಂಡೆ ಸಂಬಳ ಕೇಳುವುದಿಲ್ಲ, ನಿದ್ದೆ ಮಾಡುವುದಿಲ್ಲ. ಸಣ್ಣ ಬಾಗಿಲುಗಳನ್ನು ಮುಚ್ಚಿ, ವಾಹನಗಳೆಲ್ಲ ಒಂದೆರಡು ದೊಡ್ಡ ಬಾಗಿಲುಗಳಲ್ಲೇ ಬರುವಂತೆ ಮಾಡಿದರೆ ಕಾಯುವುದು ಸುಲಭ.

ಎರಡನೆಯದು ಅಷ್ಟಾಗಿ ಚರ್ಚೆಯಾಗದ ಅಂಶ, ಸಮಯ. ಫ್ರಾನ್ಸ್ ಮತ್ತು ಸ್ಪೇನ್ 2002ರಲ್ಲಿ ಮಾಲಗಾದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿವೆ. ಅಕ್ರಮವಾಗಿ ಗಡಿ ದಾಟಿದವರು ನಾಲ್ಕು ಗಂಟೆಯೊಳಗೆ ಸಿಕ್ಕಿಬಿದ್ದರೆ, ಹೆಚ್ಚಿನ ಕಾಗದಪತ್ರದ ಗೊಡವೆಯಿಲ್ಲದೆ ಅವರನ್ನು ಹಿಂದಕ್ಕೆ ಒಪ್ಪಿಸಬಹುದು. ನಾಲ್ಕು ಗಂಟೆ ಮೀರಿದರೆ ಕಾರ್ಯವಿಧಾನ ಉದ್ದವಾಗುತ್ತದೆ. ಬಾನ್ಯುಲ್ಸ್ ಘಾಟಿಯಲ್ಲಿ ಯಾರಿಗೂ ಕಾಣದೆ ಕಾರಿನಲ್ಲಿ ಇಳಿದವನು ನಾಲ್ಕು ಗಂಟೆಯಲ್ಲಿ ಪೆರ್ಪಿಞಾನ್ ನಗರ ದಾಟಿ ಬಹುದೂರ ಹೋಗಿರುತ್ತಾನೆ. ದಾಟುವ ಜಾಗದಲ್ಲೇ ಹಿಡಿಯಬೇಕು ಎಂಬ ಹಟ ಹುಟ್ಟುವುದು ಇಲ್ಲಿಂದ.

ಬಂಡೆ ತಡೆದದ್ದು ಯಾರನ್ನು?

ಈ ಗಣಿತದ ಕೊರತೆಯೂ ಬಂಡೆಯ ಹತ್ತಿರ ನಿಂತರೆ ಕಾಣುತ್ತದೆ. ಎರಡು ಬಂಡೆಗಳ ಸಂದಿಯಲ್ಲಿ ಕಾರು ತೂರುವುದಿಲ್ಲ, ಮನುಷ್ಯ ತೂರುತ್ತಾನೆ. ಘಾಟಿಯ ಎಡಬಲಕ್ಕೆ ಬೇಲಿಯಿಲ್ಲದ ಬೆಟ್ಟ. ನಡೆದು ಬರುವವನನ್ನು ಬಂಡೆ ತಡೆಯಲಾರದು. ನಿಂತದ್ದು ದ್ರಾಕ್ಷಿ ಬೆಳೆಗಾರನ ವ್ಯಾನು, ಗಡಿಯಾಚೆ ಕೆಲಸಕ್ಕೆ ಹೋಗುವವರ ಕಾರು, ವಾರಾಂತ್ಯಕ್ಕೆ ಎಸ್ಪೊಲ್ಯಾಕ್ಕೆ ಊಟಕ್ಕೆ ಬರುತ್ತಿದ್ದ ಗಿರಾಕಿಗಳು. ಎದುರಿಗೆ ಕಾಣುವ ಊರಿಗೆ ಹೋಗಲು ಕರಾವಳಿಯ ತಿರುವುಗಳಲ್ಲೋ ಪೆರ್ತೂಸ್ ಮೂಲಕವೋ ಸುತ್ತು ಹಾಕಬೇಕಾಯಿತು.

ವಲಸೆಯ ಅಂಕಿಗಳಿಗೂ ಬಂಡೆಗೂ ಸಂಬಂಧ ಕಾಣುವುದಿಲ್ಲ. ಆಫ್ರಿಕಾದಿಂದ ಸ್ಪೇನ್‌ಗೆ ಬರುವವರ ಸಂಖ್ಯೆಯನ್ನು ನಿರ್ಧರಿಸುವುದು ಮೊರಾಕೊ, ಆಲ್ಜೀರಿಯಾ, ಮಾರಿಟಾನಿಯಾ, ಸೆನೆಗಲ್ ದಂಡೆಗಳ ಪರಿಸ್ಥಿತಿ. ಘಾಟಿ ಮುಚ್ಚಿಯೇ ಇದ್ದ 2023ರಲ್ಲಿ ಕ್ಯಾನರಿ ದ್ವೀಪಗಳಿಗೆ ದೋಣಿಗಳಲ್ಲಿ ಬಂದವರ ಸಂಖ್ಯೆ ಏರಿತು, 2024ರಲ್ಲಿ 46,000 ದಾಟಿ ದಾಖಲೆ ಬರೆಯಿತು. ಅಲ್ಲಿಂದ ಉತ್ತರಕ್ಕೆ ಹೋಗುವವರು ಸಾಮಾನ್ಯವಾಗಿ ಹಿಡಿಯುವುದು ಬಸ್ಸು ಮತ್ತು ರೈಲು. ಅವು ಸಾಗುವುದು ದೊಡ್ಡ ದಾರಿಗಳಲ್ಲಿ.

ಪಿರಿನೀಸ್‌ನ ಇನ್ನೊಂದು ತುದಿಯಲ್ಲಿ ಇದರ ಕಹಿ ಮುಖ ಕಂಡಿತು. ಅಟ್ಲಾಂಟಿಕ್ ಕಡೆ ಎರಡು ದೇಶಗಳ ನಡುವೆ ಹರಿಯುವ ಬಿದಾಸೋವಾ ನದಿಯ ಸೇತುವೆಗಳಲ್ಲಿ ತಪಾಸಣೆ ಬಿಗಿಯಾದ ಮೇಲೆ, 2021ರಿಂದ ಹಲವು ವಲಸಿಗರು ನದಿಯನ್ನು ಈಜಲು ಹೋಗಿ ಮುಳುಗಿ ಸತ್ತರು. ದಾರಿ ಮುಚ್ಚಿದರೆ ಹೊರಟವನು ಹಿಂತಿರುಗುತ್ತಾನೆ ಎಂಬ ಊಹೆ ಅಲ್ಲಿ ಸುಳ್ಳಾಯಿತು. ಅವನು ಇನ್ನೂ ಅಪಾಯದ ದಾರಿ ಹುಡುಕಿದ.

ತಪಾಸಣೆ ಬೇರೆ, ಮುಚ್ಚುವುದು ಬೇರೆ

ಇನ್ನು ಕಾನೂನು. ಗೊಂದಲದ ಗಂಟು ಇರುವುದು ಇಲ್ಲಿಯೇ.

1985ರ ಜೂನ್ 14ರಂದು ಐದು ದೇಶಗಳು ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಹಳ್ಳಿಯಲ್ಲಿ, ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಡುವ ಒಪ್ಪಂದ ಮಾಡಿಕೊಂಡವು. ಅದು ನಿಜವಾಗಿ ಜಾರಿಗೆ ಬಂದದ್ದು 1995ರ ಮಾರ್ಚ್‌ನಲ್ಲಿ. ಅಷ್ಟರೊಳಗೆ ಸ್ಪೇನ್ ಕೂಡ ಸೇರಿತ್ತು. ಈಗ ಜಾರಿಯಲ್ಲಿರುವ 2016ರ ಷೆಂಗೆನ್ ಗಡಿ ಸಂಹಿತೆಯ 22ನೇ ವಿಧಿ ಹೇಳುವುದು ಸರಳ: ಒಳಗಡಿಗಳನ್ನು, ಅಂದರೆ ಷೆಂಗೆನ್ ದೇಶಗಳ ನಡುವಿನ ಗಡಿಗಳನ್ನು, ಯಾರು ಬೇಕಾದರೂ, ಯಾವ ರಾಷ್ಟ್ರೀಯತೆಯವರೇ ಆಗಲಿ, ಎಲ್ಲಿ ಬೇಕಾದರೂ ತಪಾಸಣೆಯಿಲ್ಲದೆ ದಾಟಬಹುದು. 24ನೇ ವಿಧಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಒಳಗಡಿಯ ರಸ್ತೆಗಳಲ್ಲಿ ಸರಾಗ ಸಂಚಾರಕ್ಕೆ ಅಡ್ಡಿಯಾಗುವುದನ್ನೆಲ್ಲ ದೇಶಗಳು ತೆಗೆದುಹಾಕಬೇಕು ಎನ್ನುತ್ತದೆ. ಬಂಡೆ ಅಡ್ಡಿ ಹೌದೋ ಅಲ್ಲವೋ ಎಂದು ವಾದಿಸಲು ವಕೀಲರು ಬೇಕಿಲ್ಲ.

ಆದರೆ ಅದೇ ಸಂಹಿತೆಯಲ್ಲಿ ಅಪವಾದವೂ ಇದೆ. ಸಾರ್ವಜನಿಕ ಸುವ್ಯವಸ್ಥೆಗೆ ಅಥವಾ ಆಂತರಿಕ ಭದ್ರತೆಗೆ ಗಂಭೀರ ಅಪಾಯವಿದ್ದರೆ, ಕೊನೆಯ ಉಪಾಯವಾಗಿ, ತಾತ್ಕಾಲಿಕವಾಗಿ ಗಡಿ ತಪಾಸಣೆಯನ್ನು ಮರಳಿ ತರಬಹುದು. ಹಾಗೆ ತಂದಾಗ ಗೊತ್ತುಮಾಡಿದ ಜಾಗಗಳಲ್ಲಷ್ಟೇ ದಾಟಬೇಕು ಎಂದು ಸರ್ಕಾರ ಹೇಳಬಹುದು. ಫ್ರಾನ್ಸ್ ನಿಂತದ್ದು ಈ ನೆಲೆಯ ಮೇಲೆ. ಗೊತ್ತುಮಾಡಿದ ಜಾಗಗಳ ಪಟ್ಟಿಯಲ್ಲಿ ಇಲ್ಲದ ದಾರಿಯನ್ನು ಮುಚ್ಚಿದರೆ ತಪ್ಪೇನು ಎಂಬುದು ಅದರ ವಾದ. ವಿರೋಧಿಗಳ ಉತ್ತರ: ಸಂಹಿತೆ ಕೊಟ್ಟಿರುವುದು ದಾಟುವವರನ್ನು ತಪಾಸಿಸುವ ಅಧಿಕಾರ. ಯಾರನ್ನೂ ತಪಾಸಿಸದೆ ಎಲ್ಲರನ್ನೂ ವಾಪಸು ಕಳಿಸುವುದು, ಅದೂ ಮೂರು ವರ್ಷ, ಅಪಾಯಕ್ಕೆ ತಕ್ಕಷ್ಟೇ ಕ್ರಮ ಎಂಬ ತತ್ವಕ್ಕೆ ಹೊಂದುವುದಿಲ್ಲ. ನನಗೆ ಎರಡನೆಯ ವಾದವೇ ಗಟ್ಟಿಯಾಗಿ ತೋರುತ್ತದೆ. ಪೆರ್ತೂಸ್‌ನಲ್ಲಿ ಸಾಲುಗಟ್ಟಿದ ಲಾರಿಗಳನ್ನು ಬಿಟ್ಟು ಬೆಟ್ಟದ ಹಳ್ಳಿಯ ಕಾರುಗಳನ್ನು ತಡೆಯಬೇಕಾದ ಅಪಾಯ ಯಾವುದೆಂದು ವಿವರಿಸುವುದು ಕಷ್ಟ.

ಆರು ತಿಂಗಳು ಹತ್ತು ವರ್ಷವಾದದ್ದು

‘ತಾತ್ಕಾಲಿಕ’ ಎಂದರೆ ಎಷ್ಟು ದಿನ? ಆಸ್ಟ್ರಿಯಾದ ಪ್ರಕರಣವೊಂದರಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ 2022ರ ಏಪ್ರಿಲ್ 26ರಂದು ತೀರ್ಪು ಕೊಟ್ಟಿತು. ಒಂದೇ ಅಪಾಯದ ಹೆಸರಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ತಪಾಸಣೆ ಮುಂದುವರಿಸುವಂತಿಲ್ಲ, ಹೊಸ ಅಪಾಯ ಹುಟ್ಟಿದರೆ ಮಾತ್ರ ಹೊಸದಾಗಿ ಆರಂಭಿಸಬಹುದು ಎಂದಿತು. ಓದಿದರೆ ಫ್ರಾನ್ಸ್ ಸೋತಂತೆ. ಆದರೆ ಮೂರೇ ತಿಂಗಳಲ್ಲಿ, ಜುಲೈ 27ರಂದು, ಫ್ರಾನ್ಸ್‌ನ ಉನ್ನತ ಆಡಳಿತ ನ್ಯಾಯಾಲಯವಾದ ಕೌನ್ಸಿಲ್ ಆಫ್ ಸ್ಟೇಟ್ ಸರ್ಕಾರದ ಪರ ನಿಂತಿತು. ಅಪಾಯ ಮುಗಿದಿಲ್ಲ, ನವೀಕರಣವಾಗುತ್ತಲೇ ಇದೆ ಎಂಬ ಸಮರ್ಥನೆ ಗೆದ್ದಿತು. ಅಂದಿನಿಂದ ಪ್ರತಿ ಆರು ತಿಂಗಳಿಗೊಮ್ಮೆ ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ಒಂದು ಪತ್ರ ಹೋಗುತ್ತದೆ. ಕಾರಣಗಳ ಪಟ್ಟಿಯಲ್ಲಿ ಸಾಲುಗಳು ಬದಲಾಗುತ್ತವೆ, ತಪಾಸಣೆ ಬದಲಾಗುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಯುರೋಪ್ ನ್ಯಾಯಾಲಯ ಇನ್ನೊಂದು ಏಟು ಕೊಟ್ಟಿತು. ಒಳಗಡಿಯಲ್ಲಿ ತಪಾಸಣೆ ಇದ್ದ ಮಾತ್ರಕ್ಕೆ, ಸಿಕ್ಕಿದವರನ್ನು ಯಾವ ವಿಧಿವಿಧಾನವೂ ಇಲ್ಲದೆ ಹೊರದಬ್ಬುವಂತಿಲ್ಲ, ವಾಪಸಾತಿಯ ನಿಯಮಗಳು ಅವರಿಗೂ ಅನ್ವಯಿಸುತ್ತವೆ ಎಂದಿತು. ಇದರಿಂದ ಮಾಲಗಾದ ನಾಲ್ಕು ಗಂಟೆಯ ಒಪ್ಪಂದದಂಥ ಎರಡು ದೇಶಗಳ ನಡುವಿನ ಏರ್ಪಾಡುಗಳ ಬೆಲೆ ಇನ್ನೂ ಹೆಚ್ಚಿತು.

ಬೆಂಕಿಗೆ ಗಡಿ ಗೊತ್ತಿಲ್ಲ

ಊರವರು ಸುಮ್ಮನಿರಲಿಲ್ಲ. ಎರಡೂ ಕಡೆಯವರು ಸೇರಿ ಘಾಟಿಯ ಮೇಲೆ ಪದೇ ಪದೇ ಪ್ರತಿಭಟಿಸಿದರು. ಬಂಡೆಗಳನ್ನು ಪಕ್ಕಕ್ಕೆ ಸರಿಸಿದರು, ಆಡಳಿತ ಮತ್ತೆ ತಂದಿಟ್ಟಿತು, ಇವರು ಮತ್ತೆ ಸರಿಸಿದರು. ಅವರ ವಾದಗಳಲ್ಲಿ ಅಧಿಕಾರಿಗಳು ಉತ್ತರಿಸಲು ತಡವರಿಸುವಂಥದ್ದು ಒಂದಿತ್ತು: ಕಾಳ್ಗಿಚ್ಚು.

ಈ ಬೆಟ್ಟಗಳಲ್ಲಿ ಉತ್ತರದಿಂದ ಬೀಸುವ ‘ತ್ರಮುಂತಾನಾ’ ಎಂಬ ಒಣಗಾಳಿ ಒಂದು ಕಿಡಿಯನ್ನು ಗಂಟೆಗಳಲ್ಲಿ ಸಾವಿರಾರು ಎಕರೆಗೆ ಹಬ್ಬಿಸಬಲ್ಲದು. 2012ರ ಜುಲೈನಲ್ಲಿ ಗಡಿಯ ಪಕ್ಕದ ಜುಂಕೇರಾದಲ್ಲಿ ಹತ್ತಿದ ಬೆಂಕಿ ಹತ್ತು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸುಟ್ಟಿತು. 2023ರ ಏಪ್ರಿಲ್ 16ರಂದು, ಬೇಸಿಗೆ ಇನ್ನೂ ಬಂದಿರಲಿಲ್ಲ, ಭೀಕರ ಬರ ಮಾತ್ರ ಬಂದಿತ್ತು. ಅಂದು ಸೆರ್ಬೇರ್ ಬಳಿ ಎದ್ದ ಬೆಂಕಿ ಸುಮಾರು ಸಾವಿರ ಹೆಕ್ಟೇರ್ ಸುಟ್ಟು ಗಡಿ ದಾಟಿ ಸ್ಪೇನ್‌ಗೆ ನುಗ್ಗಿತು. ಇಂಥ ನೆಲದಲ್ಲಿ ಎರಡು ದೇಶಗಳ ಅಗ್ನಿಶಾಮಕ ವಾಹನಗಳು ದಾಟಬಲ್ಲ ದಾರಿಯ ನಡುವೆ ಬಂಡೆ ಇಡುವುದು ಭದ್ರತೆಯೋ, ಭದ್ರತೆಗೆ ಕುತ್ತೋ? ಮನೆಗೆ ಕಳ್ಳ ಬರಬಾರದೆಂದು ಬಾವಿಗೆ ಮುಚ್ಚಳ ಜಡಿದಂತಾಗಲಿಲ್ಲವೇ?

ತೆರೆದ ಮೇಲೆ

2024ರಲ್ಲಿ ದಾರಿ ವಾಹನಗಳಿಗೆ ಮತ್ತೆ ತೆರೆಯಿತು. ಪ್ರತಿಭಟನೆಯ ಜೊತೆಗೆ ಸ್ಪೇನ್ ಕಡೆಯ ರಾಜಕೀಯ ಒತ್ತಡವೂ ಕೆಲಸ ಮಾಡಿತ್ತು. ಆದರೆ ತೆರೆದ ಬಗೆಯನ್ನು ಗಮನಿಸಬೇಕು. ಮುಚ್ಚಿದ್ದು ತಪ್ಪು ಎಂದು ಯಾವುದೋ ನ್ಯಾಯಾಲಯ ಹೇಳಿದ್ದರಿಂದ ತೆರೆದದ್ದಲ್ಲ. ಮುಚ್ಚಿದ್ದೂ ಆಡಳಿತದ ತೀರ್ಮಾನ, ತೆರೆದದ್ದೂ ಆಡಳಿತದ ತೀರ್ಮಾನ. 22ನೇ ವಿಧಿಯ ಪ್ರಕಾರ ಹಕ್ಕಾಗಿದ್ದದ್ದು ಈಗ ಅನುಗ್ರಹವಾಗಿ ಸಿಕ್ಕಿದೆ. ಮುಂದಿನ ದಾಳಿಯ ನಂತರ ಅದೇ ಬಂಡೆಗಳು ಅದೇ ಜಾಗಕ್ಕೆ ಬರಲು ಕಾನೂನಿನ ತಡೆ ಏನೂ ಹೆಚ್ಚಿಲ್ಲ.

ನಮ್ಮವರಿಗೂ ಇದರಿಂದ ಒಂದು ನೇರ ಪರಿಣಾಮವಿದೆ. ಬಾರ್ಸಿಲೋನಾದಲ್ಲಿ ಓದುವ ವಿದ್ಯಾರ್ಥಿ, ಪ್ಯಾರಿಸ್‌ಗೆ ಬಸ್ ಹಿಡಿಯುವ ಬೆಂಗಳೂರಿನ ಪ್ರವಾಸಿ ಗಡಿ ಇಲ್ಲವೆಂದು ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೊರಟರೆ, ಪೆರ್ತೂಸ್ ಅಥವಾ ಸೆರ್ಬೇರ್‌ನಲ್ಲಿ ಪೊಲೀಸರು ಹತ್ತಿದಾಗ ಫಜೀತಿ ತಪ್ಪಿದ್ದಲ್ಲ. ವೀಸಾ ಇದ್ದರೆ ದಾಟುವ ಹಕ್ಕಿದೆ, ಆದರೆ ಅದನ್ನು ತೋರಿಸಬೇಕು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ, ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬೇರೆ ವಿಷಯ. ಅದು ಹೊರಗಡಿಗಳಿಗೆ, ಅಂದರೆ ಭಾರತದಿಂದ ವಿಮಾನ ಇಳಿಯುವ ಕಡೆಗೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಿ ಗಾಬರಿಯಾಗಬೇಕಿಲ್ಲ.

ಇನ್ನು ಗಡುವಿನ ಮಾತು. 2024ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿ, ಮುನ್ಸೂಚನೆ ಇರುವ ಅಪಾಯಗಳ ಹೆಸರಿನಲ್ಲಿ ತರುವ ತಪಾಸಣೆಗೆ ಒಟ್ಟು ಎರಡು ವರ್ಷದ ಮಿತಿ ಹಾಕಿದೆ. ತೀರಾ ಅಸಾಮಾನ್ಯ ಸನ್ನಿವೇಶದಲ್ಲಿ ಆರಾರು ತಿಂಗಳಂತೆ ಎರಡು ಬಾರಿ ಸೇರಿಸಿ ಮೂರು ವರ್ಷದವರೆಗೆ ಎಳೆಯಬಹುದು. ಇದನ್ನು ಲಗಾಮು ಎನ್ನುವವರೂ ಇದ್ದಾರೆ, ಆರು ತಿಂಗಳ ತೀರ್ಪನ್ನು ಮೂರು ವರ್ಷಕ್ಕೆ ಹಿಗ್ಗಿಸಿದ ಜಾಣ್ಮೆ ಎನ್ನುವವರೂ ಇದ್ದಾರೆ. ಯಾರು ಸರಿ ಎಂಬುದು ‘ಹೊಸ ಅಪಾಯ’ ಎಂಬ ಎರಡು ಪದಗಳನ್ನು ಹೇಗೆ ಓದುತ್ತಾರೆ ಎಂಬುದರ ಮೇಲೆ ನಿಂತಿದೆ. ಹಳೆಯ ಅಪಾಯಕ್ಕೆ ಹೊಸ ಹೆಸರಿಟ್ಟರೆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆಯೇ? ಮೂರು ವರ್ಷದ ಮೊದಲ ಸುತ್ತು ಮುಗಿಯುವುದು 2027ರ ಸುಮಾರಿಗೆ. ಅದೇ ವರ್ಷದ ವಸಂತದಲ್ಲಿ ಫ್ರಾನ್ಸ್‌ನಲ್ಲಿ ಅಧ್ಯಕ್ಷೀಯ ಚುನಾವಣೆ ಇದೆ.